ಮನೆಪಾಠಕ್ಕೆ ಟೀಚರ್ ಪ್ಲಾನರ್: 38 ವಾರ ಬಳಸಿದ ಮೇಲೆ

ಕಳೆದ ಜೂನ್‌ನಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಟೀಚರ್ ಪ್ಲಾನರ್, ಅಂದರೆ ವಾರವಾರದ ಪಾಠ ಬರೆದಿಡುವ ಪುಸ್ತಕ, ಇನ್ನೇನು ಮುಗಿಯುತ್ತಾ ಬಂತು. 40 ವಾರದ ಪುಸ್ತಕ, 38 ವಾರ ತುಂಬಿದ್ದೇನೆ. ನಾನು ಕೊಳ್ಳುವಾಗ ಓದಿದ ಅಭಿಪ್ರಾಯಗಳೆಲ್ಲ ಪಾರ್ಸೆಲ್ ಬಿಚ್ಚಿದ ದಿನವೇ ಬರೆದವು. ಕವರ್ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ, ಅಷ್ಟೇ. ವರ್ಷಪೂರ್ತಿ ಬಳಸಿದರೆ ಹೇಗಿರುತ್ತದೆ ಅಂತ ಯಾರೂ ಹೇಳಿರಲಿಲ್ಲ, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಬಳ್ಳಾರಿಯಲ್ಲಿ. ಮಗಳಿಗೆ 9, ಮಗನಿಗೆ 6, ಇಬ್ಬರಿಗೂ ಶಾಲೆಯ ಬದಲು ಮನೆಯಲ್ಲೇ ಪಾಠ. ಯಜಮಾನರಿಗೆ ತೋರಣಗಲ್ಲಿನಲ್ಲಿ ಶಿಫ್ಟ್ ಡ್ಯೂಟಿ. ಒಂದು ವಾರ ಬೆಳಿಗ್ಗೆ, ಒಂದು ವಾರ ಮಧ್ಯಾಹ್ನ, ಒಂದು ವಾರ ರಾತ್ರಿ. ರಾತ್ರಿ ಪಾಳಿಯ ವಾರ ಅವರು ಬೆಳಿಗ್ಗೆ ಬಂದು ಮಲಗಿದರೆ ಮಧ್ಯಾಹ್ನದವರೆಗೆ ಮನೆಯಲ್ಲಿ ಗಟ್ಟಿಯಾಗಿ ಓದುವ ಹಾಗಿಲ್ಲ, ಮಗ್ಗಿ ಒಪ್ಪಿಸುವ ಹಾಗಿಲ್ಲ. ಮೊದಲು ಹಳೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಟೈಮ್‌ಟೇಬಲ್ ಹಾಕುತ್ತಿದ್ದೆ. ಒಂದೇ ಟೈಮ್‌ಟೇಬಲ್ ಮೂರು ವಾರಕ್ಕೂ ಹೊಂದುತ್ತಲೇ ಇರಲಿಲ್ಲ.

ಪ್ಲಾನರ್ ಎ4 ಅಳತೆಯದು, ಸ್ಪೈರಲ್ ಬೈಂಡಿಂಗ್, ನಾನೂರು ಚಿಲ್ಲರೆ ರೂಪಾಯಿ. ಒಂದು ವಾರಕ್ಕೆ ಎದುರುಬದುರು ಎರಡು ಪುಟ. ಮೇಲೆ ಸೋಮವಾರದಿಂದ ಶುಕ್ರವಾರ, ಎಡಕ್ಕೆ ವಿಷಯ ಬರೆಯಲು ಏಳು ಸಾಲು, ಬಲ ತುದಿಯಲ್ಲಿ ಖಾಲಿ ಬಿಟ್ಟ ಒಂದು ಅಂಕಣ. ತಾರೀಖು ಅಚ್ಚಾಗಿಲ್ಲ, ನಾವೇ ಬರೆದುಕೊಳ್ಳಬೇಕು. ಇದು ಬಹಳ ಮುಖ್ಯ, ದಯವಿಟ್ಟು ತಾರೀಖು ಅಚ್ಚಾಗಿರುವುದನ್ನು ಕೊಳ್ಳಬೇಡಿ. ಹೊರದೇಶದ ಪ್ಲಾನರುಗಳು ಸಾಮಾನ್ಯವಾಗಿ ಆಗಸ್ಟ್‌ನಿಂದ ಶುರುವಾಗುತ್ತವೆ, ನಮ್ಮಲ್ಲಿ ಮಕ್ಕಳು ಜೂನ್‌ಗೇ ಹೊಸ ಪುಸ್ತಕ ಹಿಡಿಯುತ್ತಾರೆ. ತಾರೀಖಿಲ್ಲದ್ದಾದರೆ ಒಂದು ವಾರ ಊರಿಗೆ ಹೋದರೂ, ಕನಕದುರ್ಗಮ್ಮನ ಸಿಡಿಬಂಡಿ ಜಾತ್ರೆಗೆ ಮನೆ ತುಂಬ ನೆಂಟರು ಬಂದರೂ ಒಂದು ಹಾಳೆಯೂ ದಂಡವಾಗುವುದಿಲ್ಲ.

ಪ್ರತಿ ವಾರದ ಮೇಲಿನ ಮೂಲೆಯಲ್ಲಿ ನಾನು ಮೊದಲು ಬರೆಯುವುದು ಯಜಮಾನರ ಪಾಳಿ. ರಾತ್ರಿ ಪಾಳಿಯಾದರೆ ಬೆಳಗಿನ ಖಾನೆಗಳಿಗೆಲ್ಲ ಬರೆಯುವ ಕೆಲಸ, ಚಿತ್ರ, ಲೆಕ್ಕ. ಓದುವುದು, ಪದ್ಯ ಹೇಳುವುದು ಸಂಜೆಗೆ. ಇದನ್ನು ನೋಡಿ ಮಾಡಿದ ಮೇಲೆ ಮಕ್ಕಳಿಗೆ "ಶ್, ಅಪ್ಪ ಮಲಗಿದ್ದಾರೆ" ಅಂತ ಹೇಳುವುದು ಎಷ್ಟೋ ಕಮ್ಮಿಯಾಯಿತು. ನನಗಂತೂ ಈ ಒಂದಕ್ಕೇ ಕೊಟ್ಟ ದುಡ್ಡು ವಸೂಲಾಯಿತು.

ಈಗ ತೊಂದರೆಗಳು. ಖಾನೆಯೊಳಗಿನ ಗೆರೆಗಳನ್ನು ಇಂಗ್ಲಿಷ್ ಬರೆಯುವವರಿಗೆಂದೇ ಹಾಕಿದ್ದಾರೆ, ತೀರಾ ಹತ್ತಿರ ಹತ್ತಿರ ಇವೆ. ಕನ್ನಡದಲ್ಲಿ 'ಉಕ್ತಲೇಖನ' ಅಂತ ಬರೆದರೆ ತ ಒತ್ತು ಕೆಳಗಿನ ಗೆರೆ ದಾಟಿ ಹೋಗುತ್ತದೆ, ಅದರ ಕೆಳಗೆ 'ವ್ಯತ್ಯಾಸ' ಅಂತ ಬರೆದರೆ ಎರಡೂ ಒಂದರ ಮೇಲೊಂದು ಹತ್ತಿ ಏನು ಬರೆದಿದ್ದೇನೆ ಅಂತ ಆಮೇಲೆ ನನಗೇ ಗೊತ್ತಾಗುತ್ತಿರಲಿಲ್ಲ. ಎರಡು ವಾರ ಕಷ್ಟಪಟ್ಟು, ಆಮೇಲೆ ಒಂದು ಗೆರೆ ಬಿಟ್ಟು ಒಂದು ಗೆರೆ ಬರೆಯಲು ಶುರು ಮಾಡಿದೆ. ಹಾಗೆ ಮಾಡಿದರೆ ಒಂದು ಖಾನೆಯಲ್ಲಿ ಮೂರು ಸಾಲು ಮಾತ್ರ ಹಿಡಿಯುತ್ತದೆ. ಕಾಗದವೂ ತೆಳು. ಸ್ಕೆಚ್ ಪೆನ್ ಮುಟ್ಟಿಸಿದರೆ ಹಿಂದಿನ ಪುಟಕ್ಕೆ ಇಳಿಯುತ್ತದೆ. ಜೆಲ್ ಪೆನ್ನೂ ಬೇಡ, ಪೆನ್ಸಿಲ್ ಸಾಕು.

ಪೆನ್ಸಿಲ್ ಯಾಕೆ ಅನ್ನುವುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಜುಲೈನಲ್ಲಿ ಒಂದು ಗುರುವಾರದ ಖಾನೆಯಲ್ಲಿ 'ಸಂಗನಕಲ್ಲು' ಅಂತ ಬರೆದಿದ್ದೆ. ಒಂದೇ ಖಾನೆ. ಊರ ಪಕ್ಕದಲ್ಲೇ ಇರುವ ಹೊಸ ಶಿಲಾಯುಗದ ನೆಲೆ, ಒಂದು ಗಂಟೆ ಹೇಳಿದರೆ ಮುಗಿಯುತ್ತದೆ ಅಂದುಕೊಂಡಿದ್ದೆ. ಬಳ್ಳಾರಿಯಲ್ಲೇ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂ ಇದೆಯಲ್ಲ, ಅಲ್ಲಿಗೆ ಕರೆದುಕೊಂಡು ಹೋದೆವು. ಮಗಳು ಕಲ್ಲಿನ ಕೊಡಲಿಗಳ ಮುಂದೆ ನಿಂತವಳು ಕದಲಲೇ ಇಲ್ಲ. ಫೂಟ್ ಭೂವಿಜ್ಞಾನಿ, 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಉಪಕರಣ ಗುರುತಿಸಿದವರು ಅಂತ ಹೇಳಿದರೆ, "ಅದು ಬರೀ ಕಲ್ಲಲ್ಲ ಅಂತ ಅವರಿಗೆ ಹೇಗೆ ಗೊತ್ತಾಯಿತು?" ಅಂತ ಕೇಳಿದಳು. ಆಮೇಲೆ ಸಂಗನಕಲ್ಲಿನ ಪಕ್ಕದ ಕುಪ್ಪಗಲ್ಲು ಬೆಟ್ಟದ ಸುದ್ದಿ ಬಂತು. ಅಲ್ಲಿ ಕಪ್ಪು ಕಲ್ಲಿನ ಮೇಲೆ ಎತ್ತುಗಳ ಚಿತ್ರ ಕೆತ್ತಿದ್ದಾರೆ, ಬಡಿದರೆ ಗಂಟೆಯ ಹಾಗೆ ನಾದ ಬರುವ ಕಲ್ಲುಗಳೂ ಇವೆ. ಕಲ್ಲಿಗೆ ನಾದ ಹೇಗೆ ಬರುತ್ತದೆ ಅಂತ ಮಗನ ಪ್ರಶ್ನೆ, ಅದು ವಿಜ್ಞಾನದ ಸಾಲಿಗೆ ಹೋಯಿತು. ಆ ಒಂದು ಖಾನೆ ಮೂರು ವಾರ ನಡೆಯಿತು. ಮೊದಲೇ ಪೆನ್ನಲ್ಲಿ ತುಂಬಿಟ್ಟಿದ್ದ ಮುಂದಿನ ಎರಡು ವಾರದ ಪುಟಗಳ ತುಂಬ ಗೀಟು, ಬಾಣ. ಅವತ್ತಿನಿಂದ ಒಂದು ವಾರಕ್ಕಿಂತ ಮುಂದೆ ನಾನು ಬರೆದಿಡುವುದಿಲ್ಲ, ಬರೆದರೂ ಪೆನ್ಸಿಲ್ಲಲ್ಲೇ.

ಆ ಖಾಲಿ ಅಂಕಣ ಯಾಕಿದೆ ಅಂತ ಎರಡು ತಿಂಗಳು ನನಗೆ ಗೊತ್ತೇ ಇರಲಿಲ್ಲ. ಅದನ್ನು ತೋರಿಸಿಕೊಟ್ಟವರು ನಮ್ಮತ್ತೆ. ಸಿರುಗುಪ್ಪ ಕಡೆ ಸರ್ಕಾರಿ ಶಾಲೆಯಲ್ಲಿ ಟೀಚರಾಗಿ ರಿಟೈರ್ ಆದವರು, ಪಾಠ ಹಂಚಿಕೆ, ದಿನಚರಿ ಎಲ್ಲ ವರ್ಷಗಟ್ಟಲೆ ಬರೆದ ಕೈ. ಆಗಸ್ಟ್‌ನಲ್ಲಿ ಬಂದವರು ಪ್ಲಾನರ್ ತೆಗೆದು ಒಂಬತ್ತು ವಾರದ ಪುಟಗಳನ್ನೂ ಸಾವಕಾಶ ತಿರುಗಿಸಿದರು. ಆಮೇಲೆ "ಏನ್ ಮಾಡ್ಬೇಕು ಅಂತ ಬರ್ದೀಯವಾ, ಏನ್ ಮಾಡಿದಿ ಅಂತ ಎಲ್ಲಿ ಬರ್ದೀ?" ಅಂದರು. ಕನ್ನಡದ ಸಾಲಿನ ಮೇಲೆ ಬೆರಳಿಟ್ಟು ಅಡ್ಡಕ್ಕೆ ಓದುತ್ತಾ ಹೋದರು. ನಕಲು, ನಕಲು, ಉಕ್ತಲೇಖನ, ನಕಲು. ಒಂಬತ್ತು ವಾರದಲ್ಲಿ ಮಗಳು ತಾನಾಗಿ ಯೋಚಿಸಿ ಒಂದು ವಾಕ್ಯವನ್ನೂ ಬರೆದಿರಲಿಲ್ಲ. ಅಕ್ಷರ ದುಂಡಗಾಗಿದೆ ಅಂತ ನಾನು ಖುಷಿಯಲ್ಲಿದ್ದೆ. ನಿಜವಾಗಿ ಬೇಜಾರಾಯಿತು. ಆದರೆ ದಿನಾ ಕಣ್ಣಿಗೆ ಬೀಳದೆ ಇದ್ದದ್ದು ಸಾಲಾಗಿ ಜೋಡಿಸಿದ್ದಕ್ಕೆ ತಾನೆ ಕಂಡದ್ದು?

ಅಲ್ಲಿಂದ ಬುಧವಾರದ ಕನ್ನಡ ಖಾನೆ ಅವಳದೇ ಐದು ವಾಕ್ಯಕ್ಕೆ. ಮೊದಲ ಬುಧವಾರ ಅರ್ಧ ಗಂಟೆ ಪೆನ್ಸಿಲ್ ಕಚ್ಚುತ್ತಾ ಕೂತು ಬರೆದದ್ದು ಒಂದೇ ವಾಕ್ಯ: "ಅಪ್ಪ ಡ್ಯೂಟಿಯಿಂದ ಬಂದಾಗ ಬೂಟಿನಲ್ಲಿ ಕೆಂಪು ಮಣ್ಣು ಇರುತ್ತದೆ." ಅದನ್ನು ಹಾಗೇ ಪ್ಲಾನರಿನ ಬಲ ಅಂಕಣದಲ್ಲಿ ಬರೆದಿಟ್ಟುಕೊಂಡೆ. ಈಗ ಆ ಅಂಕಣ ಪೂರ್ತಿ 'ಏನು ಆಯಿತು' ಅನ್ನುವುದಕ್ಕೆ. ಶನಿವಾರ ಬೆಳಿಗ್ಗೆ ಹತ್ತು ನಿಮಿಷ ಕೂತು ತುಂಬುತ್ತೇನೆ. ಯಾವುದು ಉಳಿಯಿತು, ಯಾವುದು ಅರ್ಥವಾಗಲಿಲ್ಲ, ಯಾವ ಪ್ರಶ್ನೆಗೆ ನನಗೂ ಉತ್ತರ ಗೊತ್ತಿರಲಿಲ್ಲ. ಮುಂದಿನ ವಾರದ ಪುಟ ಅದನ್ನು ನೋಡಿಯೇ ಬರೆಯುವುದು.

ಹಿಂದಿನ ಪುಟಗಳಲ್ಲಿ ತರಗತಿಯ ಟೀಚರಿಗೆ ಬೇಕಾದ್ದೇ ಜಾಸ್ತಿ. 30 ಮಕ್ಕಳ ಹಾಜರಿ ಪಟ್ಟಿ, ಅಂಕಪಟ್ಟಿ, ಯಾರು ಯಾವ ಬೆಂಚಿನಲ್ಲಿ ಅನ್ನುವ ನಕ್ಷೆ. ಎರಡು ಮಕ್ಕಳಿಗೆ ಇದೆಲ್ಲ ಯಾಕೆ? ಆದರೂ ಹಾಜರಿ ಪಟ್ಟಿಯನ್ನು ನಾನು ಮಗ್ಗಿಗೆ ಬಳಸಿದೆ. ಹೆಸರಿನ ಜಾಗದಲ್ಲಿ 2ರಿಂದ 20ರವರೆಗಿನ ಮಗ್ಗಿ, ತಪ್ಪಿಲ್ಲದೆ ಹೇಳಿದ ದಿನ ಒಂದು ಚುಕ್ಕಿ. 7ರ ಸಾಲು ಮತ್ತು 13ರ ಸಾಲು ಎಷ್ಟು ದಿನ ಖಾಲಿ ಇತ್ತು ಅಂತ ನೋಡಿದರೆ ಯಾವುದಕ್ಕೆ ಕೂರಿಸಬೇಕು ಅಂತ ತಾನಾಗೇ ಗೊತ್ತಾಗುತ್ತದೆ.

ಇನ್ನೊಂದು ಪುಟ ಬದಲಿ ಟೀಚರಿಗೆ ಬರೆದಿಡುವ ಸೂಚನೆಗಳದ್ದು. ಬೇಡದ ಪುಟ ಅಂದುಕೊಂಡಿದ್ದೆ. ನವೆಂಬರ್‌ನಲ್ಲಿ ಅಮ್ಮನಿಗೆ ಹುಷಾರಿಲ್ಲದೆ ನಾನು ನಾಲ್ಕು ದಿನ ರಾಯಚೂರಿಗೆ ಹೋದಾಗ ಅತ್ತೆ ಬಂದು ಪಾಠ ನೋಡಿಕೊಂಡರು. ಯಾವ ಪುಸ್ತಕ ಎಲ್ಲಿದೆ, ಮಗನ ಪಾಠ ಎಲ್ಲಿಗೆ ಬಂದಿದೆ, ಯಾವಾಗ ಆಟಕ್ಕೆ ಬಿಡಬೇಕು, ಎಲ್ಲ ಆ ಒಂದು ಪುಟದಲ್ಲಿ ಇತ್ತು. ಒಂದು ಸಲವೂ ಫೋನ್ ಮಾಡಿ ಕೇಳಲಿಲ್ಲ ಅವರು.

ಪಾಠದ ಪುಸ್ತಕಗಳಿಗೆ ನಾವು ಖರ್ಚು ಮಾಡುವುದು ಕಮ್ಮಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳ ಪಿಡಿಎಫ್ ಪುಕ್ಕಟೆ ಸಿಗುತ್ತವೆ, ಎನ್‌ಸಿಇಆರ್‌ಟಿಯದ್ದೂ ಹಾಗೇ. ಪುಸ್ತಕದ ನಕ್ಷೆ ಹಳೆಯದಾಗಿದ್ದರೆ ತಿದ್ದಿ ಹೇಳಬೇಕಾಗುತ್ತದೆ. ಹಂಪಿ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ, ಮಕ್ಕಳು ಇನ್ನೂ ಬಳ್ಳಾರಿ ಜಿಲ್ಲೆ ಅಂತಲೇ ಬರೆಯುತ್ತಿದ್ದರು. ಹತ್ತನೇ ತರಗತಿಯನ್ನು ಮುಂದೆ ಎನ್‌ಐಒಎಸ್‌ನಲ್ಲಿ (ಕೇಂದ್ರ ಸರ್ಕಾರದ ಮುಕ್ತ ಶಾಲೆ) ಕಟ್ಟಿಸುವ ಯೋಚನೆ ಇದೆ. ಅದಕ್ಕೆ 14 ವರ್ಷ ತುಂಬಿರಬೇಕು, ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಇನ್ನೂ ಟೈಮ್ ಇದೆ, ಆದರೆ ವರ್ಷವರ್ಷದ ಪ್ಲಾನರ್ ಎತ್ತಿಟ್ಟರೆ ಎಲ್ಲಿ ಬಿಟ್ಟಿದ್ದೇವೆ ಅಂತ ಹುಡುಕುವ ಕೆಲಸ ಇರುವುದಿಲ್ಲ, ಅಲ್ವಾ?

ಮತ್ತೆ ಇದನ್ನೇ ಕೊಳ್ಳುತ್ತೀರಾ ಅಂದರೆ, ಇಲ್ಲ. ವಾರದ ಪುಟದ ಅಳತೆ ನೋಡಿಕೊಂಡು ನಾನೇ ಒಂದು ಪುಟ ಗೆರೆ ಹಾಕಿದ್ದೇನೆ. ಏಳರ ಬದಲು ಐದು ಸಾಲು, ಗೆರೆಗಳ ನಡುವೆ ಒತ್ತಕ್ಷರಕ್ಕೆ ಜಾಗ, ಬಲ ಅಂಕಣ ಇನ್ನೂ ಅಗಲ, ಕೊನೆಗೆ ಮಗ್ಗಿಯದ್ದೊಂದು ಪಟ್ಟಿ, ಬದಲಿ ಟೀಚರ್ ಪುಟ ನಾಲ್ಕು. ಝೆರಾಕ್ಸ್ ಅಂಗಡಿಯಲ್ಲಿ ದಪ್ಪ ಕಾಗದದ ಮೇಲೆ ತೆಗೆಸಿ ಸ್ಪೈರಲ್ ಹಾಕಿಸಬೇಕು. ಆದರೆ ಮನೆಪಾಠ ಈಗಷ್ಟೇ ಶುರು ಮಾಡುವವರು ಮೊದಲ ವರ್ಷ ಇಂಥದ್ದೊಂದು ರೆಡಿ ಪ್ಲಾನರ್ ತಗೊಳ್ಳಿ. ನಿಮಗೆ ಯಾವ ಪುಟ ಬೇಕು, ಯಾವುದು ಬೇಡ ಅಂತ ಬಳಸದೆ ಗೊತ್ತಾಗುವುದಿಲ್ಲ. ಕೊಳ್ಳುವ ಮುಂಚೆ ಒಳಪುಟದ ಫೋಟೊ ದೊಡ್ಡದು ಮಾಡಿ ಗೆರೆಗಳ ಅಂತರ ನೋಡಿ.

ಉಳಿದ ಎರಡು ವಾರದ ಪುಟ ಏಪ್ರಿಲ್‌ಗೆ ಇಟ್ಟಿದ್ದೇನೆ. ನಮ್ಮ ಕಡೆ ಬಿಸಿಲಿಗೆ ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ನಮ್ಮ ಪಾಠವೂ 7ರಿಂದ 9.30, ದಿನಕ್ಕೆ ಮೂರೇ ಖಾನೆ. ಬುಧವಾರದ್ದು ಮಗಳು ಆಗಲೇ ತಾನೇ ತುಂಬಿಟ್ಟಿದ್ದಾಳೆ: 'ಕುಪ್ಪಗಲ್ಲಿನ ಕಲ್ಲಿನ ಬಗ್ಗೆ ಹತ್ತು ವಾಕ್ಯ, ಐದು ಸಾಲುವುದಿಲ್ಲ.'