ಒಂದೇ ಕೋವಿ, ಎರಡು ಬಟ್: ಸಕಲೇಶಪುರದ ಮಳೆಯಲ್ಲಿ ಮರ ಮತ್ತು ಫೈಬರ್

ಮೊದಲೇ ಹೇಳಿಬಿಡುತ್ತೇನೆ, ಇದು ಬೇಟೆ ಕಥೆ ಅಲ್ಲ. ಸಕಲೇಶಪುರದ ಹತ್ತಿರ ನಮ್ಮದು 11 ಎಕರೆ ಕಾಫಿ ತೋಟ. ಅಪ್ಪ 1986ರಲ್ಲಿ ಬೆಳೆ ರಕ್ಷಣೆ ಲೈಸೆನ್ಸ್ ಮೇಲೆ ಕೊಂಡ .315 ರೈಫಲ್, ಅವರು ಹೋದ ಮೇಲೆ 2009ರಲ್ಲಿ ನನ್ನ ಹೆಸರಿಗೆ ಬಂತು. ಅದು ಗುಂಡು ಹಾರಿಸಿದ್ದಕ್ಕಿಂತ ಎಣ್ಣೆ ಕುಡಿದದ್ದೇ ಜಾಸ್ತಿ. ಆಯುಧಪೂಜೆಗೆ ಕುಂಕುಮ, ವರ್ಷಕ್ಕೊಮ್ಮೆ ಗುರಿ ಅಭ್ಯಾಸದ ರೇಂಜಿನಲ್ಲಿ ಐದಾರು ಗುಂಡು, ಉಳಿದ ದಿನವೆಲ್ಲ ಬೀರುವಿನೊಳಗೆ. ಆದರೆ ಇದೇ ಕೋವಿಗೆ ಮರದ ಬಟ್ ಹಾಕಿಯೂ ನೋಡಿದ್ದೇನೆ, ಫೈಬರ್ ಬಟ್ ಹಾಕಿಯೂ ನೋಡಿದ್ದೇನೆ. ನಮ್ಮ ಕಡೆ ಮರದ ಬಟ್ ಹಾಳಾದವರೆಲ್ಲ ಈಗ ಫೈಬರ್ ವಿಚಾರಿಸುತ್ತಿದ್ದಾರೆ. ಫೋನಿನಲ್ಲಿ ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

.315 ನೋಡದವರಿಗೆ ಎರಡು ಮಾತು. ಪೊಲೀಸರ ಹೆಗಲ ಮೇಲೆ ತ್ರೀ ನಾಟ್ ತ್ರೀ ನೋಡಿರುತ್ತೀರಲ್ಲ, ಇದು ಅದರ ಖಾಸಾ ತಮ್ಮ. ಬಂಗಾಳದ ಇಶಾಪುರದ ರೈಫಲ್ ಫ್ಯಾಕ್ಟರಿಯ ಹುಟ್ಟು. .303 ಸೇನೆಯ ಗುಂಡು, ಸಾಮಾನ್ಯ ಜನರಿಗೆ ಲೈಸೆನ್ಸ್ ಸಿಗುವುದಿಲ್ಲ. ಹಾಗಾಗಿ ತ್ರೀ ನಾಟ್ ತ್ರೀಯ ಅದೇ ಲೀ-ಎನ್‌ಫೀಲ್ಡ್ ಮಾದರಿಗೆ 8 ಎಂಎಂ ಗುಂಡು ಹಿಡಿಸಿ ನಮಗೆ ಕೊಟ್ಟರು. ಇದರ ಮರ ಒಂದೇ ತುಂಡಲ್ಲ. ಹಿಂದೆ ಹೆಗಲಿಗೆ ಕೊಡುವ ಬಟ್ ಬೇರೆ, ಮುಂದೆ ನಳಿಗೆ ಕೂರುವ ಮರ ಬೇರೆ, ನಡುವೆ ಕಬ್ಬಿಣದ ಮೈ. ಈ ಮರದ ಸಾಮಾನಿಗೆ ಇಂಗ್ಲಿಷಿನವರು ಫರ್ನಿಚರ್ ಅಂತಲೇ ಕರೆಯುತ್ತಾರೆ. ಕುರ್ಚಿ ಮೇಜಿನ ಹಾಗೆ! ನನಗಂತೂ ಸರಿ ಅನ್ನಿಸುತ್ತದೆ. ಅಪ್ಪ ಕುರ್ಚಿಗಿಂತ ಇದನ್ನೇ ಜಾಸ್ತಿ ಒರೆಸುತ್ತಿದ್ದರು.

ಮರದ ಬಟ್ಟಿನ ಜೊತೆ ನನ್ನ ಮೊದಲ 9 ವರ್ಷ ಹೆಚ್ಚೂಕಡಿಮೆ ತಕರಾರಿಲ್ಲದೆ ಕಳೆಯಿತು. ತಕರಾರು ಇಲ್ಲ ಅಂದರೆ ಕೆಲಸ ಇಲ್ಲ ಅಂತ ಅಲ್ಲ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಅಗಸೆ ಎಣ್ಣೆ. ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಅಂತ ಕೇಳಿದರೆ ಕೊಡುತ್ತಾರೆ. ನಾಲ್ಕು ಹನಿ ಅಂಗೈಗೆ ಹಾಕಿಕೊಂಡು, ಅಂಗೈ ಬಿಸಿಯಾಗುವ ತನಕ ಉಜ್ಜಬೇಕು. ಹತ್ತು ನಿಮಿಷ ಬಿಟ್ಟು ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಬೇಕು. ಒರೆಸದೆ ಬಿಟ್ಟರೆ ಬೆಲ್ಲದ ಪಾಕದ ಹಾಗೆ ಅಂಟು. ಕೊಬ್ಬರಿ ಎಣ್ಣೆ ಹಚ್ಚುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಅದು ಒಣಗುವುದೇ ಇಲ್ಲ, ಧೂಳು ಹಿಡಿದುಕೊಂಡು ಕೂರುತ್ತದೆ. ಅಗಸೆ ಎಣ್ಣೆ ಗಾಳಿ ಕುಡಿದು ಗಟ್ಟಿಯಾಗುವ ಜಾತಿ. ಅಂದಹಾಗೆ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ, ತಾನಾಗಿ ಬೆಂಕಿ ಹತ್ತುವುದೂ ಉಂಟು. ತಂತಿ ಮೇಲೆ ಬಿಡಿಸಿ ಹಾಕಿ.

ಒಂದು ಸಲ ಬೀರು ಬಾಗಿಲು ಬಡಿದು ಬಟ್ಟಿನ ಕೆನ್ನೆಯ ಹತ್ತಿರ ಹೆಬ್ಬೆರಳಿನಗಲ ತಗ್ಗು ಬಿತ್ತು. ನನಗೆ ಹೊಟ್ಟೆ ಉರಿದುಹೋಯಿತು. ಅವ್ವ ನೋಡಿ, 'ಇಷ್ಟಕ್ಕೆ ಯಾಕೋ ಮುಖ ಹಾಗೆ ಮಾಡ್ಕೊಂಡಿದ್ದೀಯ' ಅಂದು ಇಸ್ತ್ರಿ ಪೆಟ್ಟಿಗೆ ಬಿಸಿಗಿಟ್ಟರು. ಒದ್ದೆ ಮಾಡಿ ಹಿಂಡಿದ ಪಂಚೆ ತುಂಡನ್ನು ತಗ್ಗಿನ ಮೇಲೆ ಇಟ್ಟು ಇಸ್ತ್ರಿಯ ಮೂತಿ ಒತ್ತಿದರು. ಚುಂಯ್ ಅಂತ ಹಬೆ ಎದ್ದಿತು. ನಾಲ್ಕು ಸಲ ಹೀಗೆ ಮಾಡಿದ ಮೇಲೆ ಬೆರಳಾಡಿಸಿದರೆ ತಗ್ಗು ಸಿಗಲಿಲ್ಲ. ಒಳಗೆ ಅದುಮಿದ್ದ ನಾರು ನೀರು ಕುಡಿದು ಎದ್ದು ಕೂತಿತ್ತು. ಅಪ್ಪನೂ ಹೀಗೇ ಮಾಡುತ್ತಿದ್ದರಂತೆ, ನನಗೆ ಗೊತ್ತೇ ಇರಲಿಲ್ಲ. ಹೊಳಪು ಹೋದ ಜಾಗಕ್ಕೆ ಎರಡು ಕೈ ಎಣ್ಣೆ, ಮುಗಿಯಿತು. ಮರದ ಮೇಲೆ ನನಗಿರುವ ಪಕ್ಷಪಾತ ಶುರುವಾದದ್ದು ಅವತ್ತು ಅಂತ ಕಾಣುತ್ತದೆ.

ಎಡವಟ್ಟಾದದ್ದು 2018ರಲ್ಲಿ. ವಿಧಾನಸಭೆ ಚುನಾವಣೆ ಅಂತ, ಅದು ಮುಗಿಯುವ ತನಕ ಇಟ್ಟುಕೊಳ್ಳಲು, ಎಲ್ಲರ ಹಾಗೆ ನಾನೂ ಕೋವಿಯನ್ನು ಪೊಲೀಸರಿಗೆ ಒಪ್ಪಿಸಿದ್ದೆ. ವಾಪಸ್ ಬರುವ ಹೊತ್ತಿಗೆ ಮಳೆ ಶುರುವಾಗಿತ್ತು. ಇಟ್ಟ ಕೋಣೆಯ ಗೋಡೆಗೆ ತೇವವಿತ್ತೋ ಏನೋ, ಬಟ್ಟಿನ ಮೇಲೆ ಬಿಳಿ ಬೂಷ್ಟು, ಮುಂದಿನ ಮರ ಉಬ್ಬಿ ನಳಿಗೆಯ ಒಂದು ಮಗ್ಗುಲನ್ನು ಒತ್ತುತ್ತಿತ್ತು. ಆ ವರ್ಷದ ಮಳೆ ನಿಮಗೆ ನೆನಪಿರಬೇಕು, ಆಗಸ್ಟಿನಲ್ಲಿ ಶಿರಾಡಿ ಘಾಟಿಯೇ ಕುಸಿದು ಬಂದ್ ಆಗಿತ್ತು. ಮಳೆ ನಿಂತ ಮೇಲೆ ರೇಂಜಿಗೆ ಒಯ್ದರೆ 50 ಮೀಟರಿಗೆ ಗುಂಡು ನಾಲ್ಕು ಬೆರಳು ಎಡಕ್ಕೆ ಹೋಗುತ್ತಿತ್ತು. ಕಣ್ಣು ಹೋಯಿತೇನೋ ಅಂದುಕೊಂಡೆ. ಕಣ್ಣಲ್ಲ, ಮರ. ಒದ್ದೆಯಾದ ಮರ ನಾರಿನ ಉದ್ದಕ್ಕೆ ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ನಳಿಗೆಯನ್ನು ಒಂದು ಕಡೆಯಿಂದ ಒತ್ತಿ ಹಿಡಿದರೆ ಗುಂಡು ನೆಟ್ಟಗೆ ಹೋಗು ಅಂದರೆ ಹೋಗುತ್ತದಾ?

ಸರಿ ಮಾಡಿಸಲು ಲೈಸೆನ್ಸ್ ಇರುವ ಒಂದು ಬಂದೂಕು ಅಂಗಡಿಗೆ ಕೊಟ್ಟೆ. ಹೆಸರು ಬೇಡ. ಅಲ್ಲಿನ ಹುಡುಗ ಬಟ್ಟಿನ ಹಿಂದಿನ ಮುಚ್ಚಳ ತೆಗೆದು, ಉದ್ದದ ತಿರುಪುಳಿ ಹಾಕಿ, ಬಟ್ಟನ್ನು ಕಬ್ಬಿಣದ ಮೈಗೆ ಹಿಡಿದಿಡುವ ಒಳಗಿನ ಬೋಲ್ಟ್ ತಿರುಗಿಸಿಯೇಬಿಟ್ಟ. ಟಪ್ ಅಂತು. ಲೀ-ಎನ್‌ಫೀಲ್ಡ್ ಜಾತಿಯ ಹಳೇ ಕೋವಿಗಳಲ್ಲಿ ಈ ಬೋಲ್ಟಿನ ತುದಿ ಚೌಕ. ಅದು ಮುಂದಿನ ಮರದ ಹಿಂಬದಿಯಲ್ಲಿರುವ ತಗಡಿಗೆ ಸಿಕ್ಕಿಕೊಂಡಿರುತ್ತದೆ, ತಾನಾಗಿ ಸಡಿಲವಾಗಬಾರದು ಅಂತ. ಮುಂದಿನ ಮರ ಬಿಚ್ಚದೆ ಬೋಲ್ಟ್ ತಿರುಗಿಸಿದರೆ ಚೌಕದ ಮೂಲೆ ಮರವನ್ನು ಸೀಳುತ್ತದೆ. ನಮ್ಮದು ಸೀಳಿತು. ಮುಂದಿನ ಮರದ ಹಿಂಭಾಗದಲ್ಲಿ ಗೇಣುದ್ದ ಬಿರುಕು. ಹುಡುಗ 'ಮೊದಲೇ ಇತ್ತು ಸಾರ್' ಅಂದ. ಈ ವಿಮರ್ಶೆಯಿಂದ ನಿಮಗೆ ಒಂದೇ ಒಂದು ಉಪಯೋಗ ಆಗುವುದಾದರೆ ಇದೇ ಆಗಲಿ: ಮುಂದಿನ ಮರ ಮೊದಲು, ಬಟ್ ಆಮೇಲೆ. ಅಂಗಡಿಯವರಿಗೆ ಬಾಯಿಬಿಟ್ಟು ಹೇಳಿ, ನಾಚಿಕೆ ಬೇಡ.

ಆ ಸಿಟ್ಟಿನಲ್ಲೇ ಫೈಬರ್‌ಗೆ ಹೋದೆ. ಬೆಂಗಳೂರಿನಲ್ಲಿ ಒಬ್ಬರು ಅಚ್ಚಿನಲ್ಲಿ ಮಾಡಿಕೊಟ್ಟ ಗ್ಲಾಸ್‌ಫೈಬರ್ ಜೋಡಿ, ಕಪ್ಪು ಬಣ್ಣ. 2019ರ ಬೇಸಿಗೆಯಲ್ಲಿ ಹಾಕಿಸಿದೆ. ಮೊದಲ ಮಳೆಗಾಲ ನಿಜವಾಗಲೂ ಹಬ್ಬ. ಆರಿದ್ರಾ ಮಳೆ ಹುಯ್ಯುವಾಗ ಬೀರು ತೆಗೆದು ನೋಡಿದರೆ ಬೂಷ್ಟಿಲ್ಲ, ಉಬ್ಬಿಲ್ಲ, ಏನೂ ಇಲ್ಲ. ಎಣ್ಣೆ ಬಾಟಲಿ ಅಟ್ಟಕ್ಕೆ ಹೋಯಿತು. ರೇಂಜಿನಲ್ಲಿ ಗುಂಡು ಹೋದ ವರ್ಷದ ಹಾಗೆ ಎಡಕ್ಕೆ ಹೋಗದೆ ಗುರಿಗೇ ಬಿತ್ತು. ಇಷ್ಟು ವರ್ಷ ಸುಮ್ನೆ ಒದ್ದಾಡಿದೆನಲ್ಲ ಅನ್ನಿಸಿತು.

ಸಣ್ಣಪುಟ್ಟ ಕಿರಿಕಿರಿ ಇದ್ದವು. ಬಟ್ಟಿನ ಒಳಗೆ ಟೊಳ್ಳು, ಬೇಲಿ ಗೂಟಕ್ಕೆ ತಾಗಿದರೆ ಡಬ್ಬದ ಸದ್ದು. ಹಿಂದೆ ಹಗುರ ಆದದ್ದರಿಂದ ಮೂತಿ ಭಾರ ಅನ್ನಿಸುತ್ತದೆ, ಹೆಗಲಿಗೆ ಒದೆತವೂ ಜಾಸ್ತಿ. ಮಳೆಯಲ್ಲಿ ಕೈ ಜಾರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕೆನ್ನೆಗೆ ಅಂಟುತ್ತದೆ. ನೋಡಲು ಹೇಗಿತ್ತು ಅಂತ ಕೇಳಬೇಡಿ. ಪಂಚೆ ಉಟ್ಟವರಿಗೆ ಕೂಲಿಂಗ್ ಗ್ಲಾಸ್ ಹಾಕಿದ ಹಾಗೆ.

ನಮ್ಮ ಭಾವ ಆರ್ಮಿಯಲ್ಲಿದ್ದವರು. ಮರದ ಬಟ್ಟಿನ ಎಸ್‌ಎಲ್‌ಆರ್ ರೈಫಲ್ ಹೊತ್ತು ಸೇರಿದರು, ಪ್ಲಾಸ್ಟಿಕ್ ಮೈಯ ಇನ್ಸಾಸ್ ರೈಫಲಿನ ಕಾಲದಲ್ಲಿ ರಿಟೈರ್ ಆದರು. ದೀಪಾವಳಿಗೆ ಬಂದಾಗ ತೋರಿಸಿದೆ. ಕೈಯಲ್ಲಿ ತೂಗಿ ನೋಡಿ ನಕ್ಕರು.

'ಭಾವ, ಸೇನೆಯವರೇ ಮರ ಬಿಟ್ಟರಲ್ಲ, ನಾವು ಬಿಟ್ಟರೆ ತಪ್ಪಾ?'

'ಅವರಿಗೆ ಲಕ್ಷಗಟ್ಟಲೆ ಬೇಕು ಮಾರಾಯ. ಒಂದೇ ಅಳತೆ, ಒಂದೇ ತೂಕ, ಎಣ್ಣೆ ಹಚ್ಚೋ ರಗಳೆ ಇಲ್ಲ. ಮುರಿದರೆ ಸ್ಟೋರಿಂದ ಇನ್ನೊಂದು ಬರ್ತದೆ. ನಿನಗೆ ಯಾವ ಸ್ಟೋರಿಂದ ಬರ್ತದೆ?'

ಮಾತು ನಿಜ. ಅಮೆರಿಕದವರ ಎಂ14 ರೈಫಲ್ ಮೊದಲು ಅಕ್ರೋಟು ಮರದ್ದೇ. ವಿಯೆಟ್ನಾಮಿನ ಮಳೆಗೆ ಮರ ಉಬ್ಬಿ ಗುರಿ ಕೆಟ್ಟ ಮೇಲೆ ಫೈಬರ್‌ಗ್ಲಾಸಿಗೆ ಬಂದರು. ನನ್ನ ನಾಲ್ಕು ಬೆರಳಿನ ಕಥೆಯೇ, ಅಲ್ವಾ? ಬ್ರಿಟಿಷರು ತಮ್ಮ ಎಸ್‌ಎಲ್‌ಆರ್‌ಗೆ ಆಮೇಲೆ ಕಪ್ಪು ನೈಲಾನ್ ಹಾಕಿದರು. ಹಾಗಂತ ಪ್ಲಾಸ್ಟಿಕ್ಕೂ ದೇವರಲ್ಲ. 1999ರ ಕಾರ್ಗಿಲ್ ಚಳಿಯಲ್ಲಿ ಇನ್ಸಾಸಿನ ಪ್ಲಾಸ್ಟಿಕ್ ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಬಿರುಕು ಬಿಟ್ಟ ದೂರು ಪೇಪರಿನಲ್ಲೇ ಬಂದಿತ್ತು. ಭಾವ ಅದರ ಬಗ್ಗೆ ಜಾಸ್ತಿ ಮಾತಾಡಲಿಲ್ಲ. 'ಮರಕ್ಕೆ ಪೆಟ್ಟು ಬಿದ್ದರೆ ಗೊತ್ತಾಗ್ತದೆ. ಇದಕ್ಕೆ ಬಿದ್ದರೆ ಗೊತ್ತಾಗಲ್ಲ. ಬಿಚ್ಚಿ ನೋಡ್ತಾ ಇರು' ಅಂದರು ಅಷ್ಟೇ.

ನಾನು ಬಿಚ್ಚಲಿಲ್ಲ. ಎರಡು ವರ್ಷ ಮೇಲಿಂದ ಒರೆಸಿ ಇಟ್ಟೆ. 2021ರ ಆಯುಧಪೂಜೆಗೆ ಯಾಕೋ ಮನಸ್ಸು ಬಂದು ಮುಂದಿನ ಫೈಬರ್ ಬಿಚ್ಚಿದೆ. ನಳಿಗೆಯ ಹೊಟ್ಟೆಯ ಕೆಳಗೆ, ಹೊರಗಿನಿಂದ ಕಾಣದ ಜಾಗದಲ್ಲಿ, ಒಂದು ಗೇಣು ಉದ್ದ ಕೆಂಪು ಗೆರೆ. ಬೆರಳಿಟ್ಟರೆ ಅಡಿಕೆ ಚೊಗರಿನ ಹಾಗೆ ಹತ್ತಿತು. ಮೇಲಿಂದ ಇಳಿದ ನೀರು ಫೈಬರ್ ತೊಟ್ಟಿಯಲ್ಲಿ ನಿಂತು, ಹೋಗಲು ದಾರಿ ಇಲ್ಲದೆ ಕಬ್ಬಿಣ ತಿಂದಿತ್ತು. ಹೊರಗೆ ಮಾತ್ರ ತಂದ ದಿನದಷ್ಟೇ ಕಪ್ಪು, ನುಣುಪು. ಮರ ಆಗಿದ್ದರೆ ಜುಲೈನಲ್ಲೇ ಬೂಷ್ಟು ಹಿಡಿದು, ಬಣ್ಣ ಕಪ್ಪಿಟ್ಟು, ನನ್ನನ್ನು ಎಬ್ಬಿಸುತ್ತಿತ್ತು. ಎಣ್ಣೆ ಹಚ್ಚುವ ನೆಪದಲ್ಲಿ ನಾನೂ ಬಿಚ್ಚುತ್ತಿದ್ದೆ. ತಪ್ಪು ಫೈಬರಿನದ್ದಲ್ಲ, ನನ್ನದು. ಆದರೆ ನನ್ನಂಥ ಸೋಮಾರಿಗೆ ಅದು ಸರಿಯಾದ ಜೊತೆ ಅಲ್ಲ. ಉಕ್ಕಿನ ನಾರು, ಎಣ್ಣೆ, ಎರಡು ಸಂಜೆ ಉಜ್ಜಿದ ಮೇಲೆ ಕೆಂಪು ಹೋಯಿತು. ಸಣ್ಣ ಸಣ್ಣ ಗುಳಿ ಉಳಿದವು, ಈಗಲೂ ಇವೆ.

ಮರಕ್ಕೆ ವಾಪಸ್ ಹೋಗುವುದು ಅಂತ ತೀರ್ಮಾನ ಆಯಿತು. ಹಳೇ ಬಟ್ ಚೆನ್ನಾಗಿತ್ತು, ಸೀಳಿದ ಮುಂದಿನ ಮರಕ್ಕೆ ಮಾತ್ರ ಬದಲಿ ಬೇಕು. ನಮ್ಮೂರ ಆಚಾರ್ರು ಖಾಲಿ ಮರವನ್ನು ತಿರುಗಿಸಿ ನೋಡಿ, 'ನಿಮ್ಮ ತೋಟದಲ್ಲೇ ಸಿಲ್ವರ್ ಓಕ್ ರಾಶಿ ಬಿದ್ದಿದೆಯಲ್ಲ ಗೌಡ್ರೇ, ಅದರಲ್ಲೇ ಹೊಡೆದುಕೊಡ್ಲಾ?' ಅಂದರು. ಬೇಡ ಅಂದೆ. ಗುಂಡು ಹೊಡೆದಾಗ ಕಬ್ಬಿಣದ ಮೈ ಹಿಂದಕ್ಕೆ ಗುದ್ದುವುದು ಮುಂದಿನ ಮರದ ಎರಡು ಸಣ್ಣ ಮೂಲೆಗಳಿಗೆ. ಮೆತ್ತಗಿನ ಮರ ಅಲ್ಲಿ ಜಜ್ಜಿಹೋಗುತ್ತದೆ. ಒಂದು ಕೂದಲೆಳೆ ಸಡಿಲ ಬಿದ್ದರೆ ಮುಂದೆ ಸೀಳುವುದು ಖಾತ್ರಿ. ಆಸ್ಟ್ರೇಲಿಯಾದವರು ಲಿತ್‌ಗೋ ಫ್ಯಾಕ್ಟರಿಯಲ್ಲಿ ಇದೇ ಲೀ-ಎನ್‌ಫೀಲ್ಡ್ ಮಾಡುವಾಗ ಅಕ್ರೋಟು ಬಿಟ್ಟು ಅಲ್ಲಿನದೇ ಕೋಚ್‌ವುಡ್ ಮರ ಬಳಸಿದರು. ಅದು ಆ ಪೆಟ್ಟು ತಡೆಯಲಿಲ್ಲ ಅಂತ ಆ ಮೂಲೆಗಳಿಗೆ ತಾಮ್ರದ ತುಂಡು ಕೂರಿಸಿದರು. ಎಂಥ ತಲೆ ನೋಡಿ. ನಮ್ಮ ಸಿಲ್ವರ್ ಓಕೂ ಅದೇ ದೇಶದಿಂದ ಬಂದದ್ದು, ನೆರಳಿಗೆ ಮತ್ತು ಕರಿಮೆಣಸಿನ ಬಳ್ಳಿಗೆ ಬಂಗಾರ, ಕೋವಿಗಲ್ಲ.

ಕೊನೆಗೆ ಆಚಾರ್ರ ಹತ್ತಿರವೇ ಇದ್ದ ಹಳೇ ತೇಗದ ತೊಲೆ. ಯಾವುದೋ ಬಿದ್ದ ಮನೆಯದ್ದು, ಎಷ್ಟೋ ವರ್ಷ ಒಲೆ ಹೊಗೆ ಕುಡಿದದ್ದು. ಆ ತಾಮ್ರದ ಉಪಾಯವನ್ನೂ ಬಿಡಲಿಲ್ಲ, ಎರಡು ಬಿಲ್ಲೆ ಕೂರಿಸಿದೆವು. ಕೋವಿಗೆ ಜೋಡಿಸುವ ಕೆಲಸ ಬೇರೆ ಅಂಗಡಿಯಲ್ಲಿ, ನಾನು ಪಕ್ಕದಲ್ಲೇ ನಿಂತು. ಮರದ ಹೊರಗಿಗಿಂತ ಒಳಗೆ ಜಾಸ್ತಿ ಎಣ್ಣೆ ಕುಡಿಸಿದೆ, ನಳಿಗೆ ಕೂರುವ ಗುಂಡಿ, ಬಟ್ಟಿನ ತುದಿಯ ಅಡ್ಡ ನಾರು, ಎಲ್ಲ ಕಡೆ. ನೀರು ಹೊಗುವುದೇ ಅಲ್ಲಿಂದ. 2022ರಿಂದ ಈಚೆಗೆ ಒಂದೇ ಒಂದು ಸಲ ತೆಳ್ಳಗೆ ಬೂಷ್ಟು ಬಂದಿದೆ. ರೇಂಜಿನಲ್ಲಿ ಮಳೆಗಾಲಕ್ಕೂ ಬೇಸಿಗೆಗೂ ಒಂದು ಬೆರಳಿನ ವ್ಯತ್ಯಾಸ. ನನಗೆ ಸಾಕು.

ನನ್ನನ್ನು ಕೇಳಿದರೆ ನಮ್ಮ ಹವೆಗೆ ಎರಡಕ್ಕಿಂತಲೂ ಒಳ್ಳೆಯದು ಮೂರನೆಯದು: ಪದರ ಪದರ ಅಂಟಿಸಿದ ಮರ. ಜರ್ಮನಿಯವರು ತಮ್ಮ ಮೌಸರ್ ಕೆ98 ರೈಫಲಿಗೆ 1930ರ ದಶಕದ ಕೊನೆಯಲ್ಲೇ ಬೀಚ್ ಮರದ ಪದರ ಅಂಟಿಸಿ ಬಟ್ ಮಾಡಿದ್ದರು. ರಷ್ಯಾದವರ ಹಳೇ ಎಕೆ ರೈಫಲಿನ ಕೆಂಪಗಿನ ಬಟ್ಟೂ ಬರ್ಚ್ ಪ್ಲೈಯೇ. ಒಂದು ಪದರ ಎಳೆದರೆ ಪಕ್ಕದ್ದು ಹಿಡಿದುಕೊಳ್ಳುತ್ತದೆ, ಉಬ್ಬು ಕಮ್ಮಿ. ಮನೆ ಮನೆಯ ಅಡುಗೆ ಕೋಣೆಗೆ ಮರೈನ್ ಪ್ಲೈ ಬಂದಿದೆ, ಕೋವಿಗೆ ಯಾಕೆ ಬಂದಿಲ್ಲವೋ. ಯಾರಾದರೂ ಚೆನ್ನಾಗಿ ಮಾಡಿಕೊಟ್ಟರೆ ನಾನೇ ಮೊದಲ ಗಿರಾಕಿ.

ದಿನವೂ ಮಳೆಯಲ್ಲಿ ಹೊತ್ತು ತಿರುಗುವವರು, ತಿಂಗಳಿಗೊಮ್ಮೆ ಬಿಚ್ಚಿ ಒರೆಸುವ ಶಿಸ್ತಿನವರು ಆದರೆ ಫೈಬರ್ ತೆಗೆದುಕೊಳ್ಳಿ, ನಿಮಗೆ ನಷ್ಟ ಇಲ್ಲ. ನನ್ನ ಹಾಗೆ ಬೀರುವಿನಲ್ಲಿಟ್ಟು ಮರೆಯುವವರಾದರೆ ಮರವೇ ಇರಲಿ.

ಫೈಬರ್ ಜೋಡಿಯನ್ನು ಮಾರಿಲ್ಲ. ಅದಕ್ಕೆ ಬೇರೆ ಕೆಲಸ ಸಿಕ್ಕಿದೆ. 2024ರ ಲೋಕಸಭೆ ಚುನಾವಣೆ ಘೋಷಣೆ ಆದ ವಾರ ಕೂತು ಮರ ಬಿಚ್ಚಿದೆ (ಮುಂದಿನದ್ದು ಮೊದಲು!), ಕಪ್ಪು ಜೋಡಿ ಹಾಕಿದೆ, ನಳಿಗೆಗೆ ದಪ್ಪಗೆ ಗ್ರೀಸ್ ಬಳಿದು ಒಪ್ಪಿಸಲು ಹೋದೆ. ರಿಜಿಸ್ಟರ್ ಬರೆಯುತ್ತಿದ್ದವರು ಕೋವಿ ನೋಡಿದರು, ನನ್ನನ್ನು ನೋಡಿದರು.

'ಹೋದ ಸಲ ಮರದ್ದಿತ್ತಲ್ವಾ ಇದು?'

'ನಂಬರ್ ಅದೇ ಸಾರ್. ಇದು ಎಲೆಕ್ಷನ್ ಡ್ರೆಸ್.'

ಅವರು ನಂಬರನ್ನು ಎರಡು ಸಲ ಓದಿ, ಲೈಸೆನ್ಸ್ ಪುಸ್ತಕಕ್ಕೆ ಹೋಲಿಸಿ, ನಗದೇ ರಸೀದಿ ಬರೆದುಕೊಟ್ಟರು. ಜೂನ್‌ನಲ್ಲಿ ವಾಪಸ್ ತಂದ ದಿನವೂ ಮಳೆ ಹೊಡೆಯುತ್ತಿತ್ತು. ಜಗುಲಿಯಲ್ಲೇ ಕೂತು ಕಪ್ಪು ಬಿಚ್ಚಿ ನೋಡಿದೆ. ಗ್ರೀಸ್ ಹಾಗೇ ಇತ್ತು, ಕೆಂಪು ಇರಲಿಲ್ಲ. ಅವ್ವ ಒಳಗಿನಿಂದ ಎಣ್ಣೆ ಬಾಟಲಿ ತಂದಿಟ್ಟು ಹೋದರು.