ಸ್ಪಿನ್ನರ್, ಜಿಗ್, ಎರೆಹುಳು: ಶರತ್ಕಾಲದ ಶುರುವಿಗೆ ಕೆರೆಯಲ್ಲಿ ಯಾವುದು ಮೇಲು?

ಬೇಸಿಗೆ ಮುಗಿದಿದೆ, ಚಳಿ ಇನ್ನೂ ಬಂದಿಲ್ಲ. ಈ ನಡುವಿನ ವಾರಗಳಲ್ಲಿ ಪರ್ಚ್ ಮತ್ತು ಪೈಕ್ (ಎರಡೂ ತಣ್ಣನೆ ದೇಶಗಳ ಬೇಟೆ ಮೀನುಗಳು) ಇರುವ ಕೆರೆಯಲ್ಲಿ ಮೂರು ಬಗೆಯಲ್ಲಿ ಗಾಳ ಹಾಕಿ ನೋಡಿದ್ದೇನೆ. ಒಂದು, ತಗಡು ಗಿರಗಿರ ತಿರುಗುವ ಸ್ಪಿನ್ನರ್. ಇನ್ನೊಂದು, ಸೀಸದ ತಲೆಯ ಗಾಳಕ್ಕೆ ಮೆತ್ತನೆಯ ರಬ್ಬರ್ ಮೀನು ಸಿಕ್ಕಿಸಿದ ಜಿಗ್. ಮೂರನೆಯದು ಹಳೇ ಜೋಡಿ, ಬೆಂಡು ಮತ್ತು ಎರೆಹುಳು. ಒಂದನ್ನೇ ಇಟ್ಟುಕೋ ಅಂದರೆ ನಾನು ಜಿಗ್ ಇಟ್ಟುಕೊಳ್ಳುತ್ತೇನೆ. ಆದರೂ ದಿನದ ಮೊದಲ ಎಸೆತ ಮಾತ್ರ ಸ್ಪಿನ್ನರ್‌ನದೇ.

ಕಾರಣ ನೀರಿನಲ್ಲಿದೆ. ಬೇಸಿಗೆಯಲ್ಲಿ ಆಳದ ಕೆರೆ ಪದರ ಪದರವಾಗಿರುತ್ತದೆ. ಮೇಲೆ ಬೆಚ್ಚಗಿನ ಹಗುರ ನೀರು, ಅಡಿಯಲ್ಲಿ ತಣ್ಣಗಿನ ಭಾರದ ನೀರು. ನಡುವೆ ಬಿಸಿ ಸರ್ರನೆ ಇಳಿಯುವ ಪದರಕ್ಕೆ ಥರ್ಮೋಕ್ಲೈನ್ ಅನ್ನುತ್ತಾರೆ. ಪಾಚಿ, ಕಳೆ ಜಾಸ್ತಿ ಇರುವ ಕೆರೆಯಲ್ಲಿ ತಳಕ್ಕೆ ಬಿದ್ದ ಕಸ ಕೊಳೆಯುತ್ತಾ ಅಲ್ಲಿನ ಆಮ್ಲಜನಕವನ್ನೆಲ್ಲ ತಿಂದು ಹಾಕಿರುತ್ತದೆ. ಹಾಗಾಗಿ ಈ ಹೊತ್ತಿನಲ್ಲಿ ತೀರಾ ಆಳಕ್ಕೆ ಗಾಳ ಬಿಟ್ಟು ಕೂತರೆ ಸುಮ್ನೆ ದಂಡ. ರಾತ್ರಿಗಳು ತಂಪಾದಂತೆ ಮೇಲಿನ ನೀರು ತಣ್ಣಗಾಗಿ ಕೆಳಗಿಳಿಯುತ್ತದೆ, ಥರ್ಮೋಕ್ಲೈನ್ ಕೂಡ ಕೆಳಕ್ಕೆ ಸರಿಯುತ್ತದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಹದಕ್ಕೆ ಬಂದ ಮೇಲೆ ಗಾಳಿ ಜೋರಾದರೆ ಮೇಲಿನ ನೀರು, ಕೆಳಗಿನ ನೀರು ಬೆರೆತು ಇಡೀ ಕೆರೆಯೇ ಮಗುಚುತ್ತದೆ. ಆಗ ನೀರು ಕದಡುತ್ತದೆ, ಕೆಲವು ಕಡೆ ಕೊಳೆತ ಮೊಟ್ಟೆಯ ವಾಸನೆಯೂ ಬರುತ್ತದೆ. ನಾನು ಹೇಳುತ್ತಿರುವುದು ಬಹುತೇಕ ಅದಕ್ಕೂ ಮುಂಚಿನ ದಿನಗಳ ಮಾತು. ಮೇಲಿನ ನೀರು 20 ಡಿಗ್ರಿಯಿಂದ 15ರ ಕಡೆಗೆ ಇಳಿಯುವ ಕಾಲ. ಮೀನು ಹಸಿದಿರುತ್ತದೆ, ಓಡಾಡುತ್ತಿರುತ್ತದೆ.

ಓಡಾಡುವ ಮೀನನ್ನು ಹುಡುಕಲು ಸ್ಪಿನ್ನರ್‌ಗೆ ಸಾಟಿಯಿಲ್ಲ. ಎಸೆಯುವುದು, ಸುತ್ತುವುದು, ನಾಲ್ಕು ಹೆಜ್ಜೆ ಸರಿದು ಮತ್ತೆ ಎಸೆಯುವುದು. ಗಾಳಿ ಬಂದು ಬಡಿಯುವ ದಡದಲ್ಲೇ ನಿಲ್ಲಿ, ಮುಖಕ್ಕೆ ಗಾಳಿ ಹೊಡೆದರೂ ಪರವಾಗಿಲ್ಲ. ಮೇಲಿನ ಬೆಚ್ಚಗಿನ ನೀರನ್ನೂ ಅದರಲ್ಲಿ ತೇಲುವ ಸಣ್ಣ ಜೀವಿಗಳನ್ನೂ ಗಾಳಿ ಆ ಕಡೆಗೇ ತಳ್ಳುತ್ತದೆ. ಅವನ್ನು ತಿನ್ನಲು ಮರಿಮೀನು ಬರುತ್ತದೆ, ಮರಿಮೀನಿನ ಹಿಂದೆ ಪರ್ಚ್ ಬರುತ್ತದೆ. ಅಲೆ ಇದ್ದರೆ ಬೆಳಕು ಚೆದುರಿ ಮೀನಿನ ಅನುಮಾನವೂ ಕಡಿಮೆಯಾಗುತ್ತದೆ. ತೊಂದರೆ ಅಂದರೆ ಉದುರಿದ ಎಲೆ, ಕಿತ್ತು ತೇಲುವ ಕಳೆ. ಮೂರು ಕೊಕ್ಕೆಯ ಗಾಳಕ್ಕೆ ಒಂದು ಎಳೆ ಸಿಕ್ಕಿಕೊಂಡರೂ ತಗಡು ತಿರುಗುವುದು ನಿಲ್ಲುತ್ತದೆ. ದಾರ ಹುರಿಗೊಳ್ಳುವ ಕಾಟ ಬೇರೆ, ಸ್ವಿವೆಲ್ (ದಾರದ ನಡುವೆ ಹಾಕುವ, ತಾನೇ ತಿರುಗುವ ಸಣ್ಣ ಕೊಂಡಿ) ಹಾಕದೆ ಇದನ್ನು ಮುಟ್ಟಲೇಬೇಡಿ.

ಜಿಗ್ ಗೆಲ್ಲುವುದು ಕಳೆಯ ಅಂಚಿನಲ್ಲಿ. ಈ ಕಾಲಕ್ಕೆ ಕಳೆಯ ಒಂದಷ್ಟು ಭಾಗ ಹಳದಿಗೆ ತಿರುಗಿ ಕೊಳೆಯತೊಡಗಿರುತ್ತದೆ. ಅಲ್ಲಿ ಮೀನು ನಿಲ್ಲುವುದು ಕಡಿಮೆ. ಇನ್ನೂ ಹಸಿರಾಗಿರುವ ಪೊದೆ ಹುಡುಕಿ. ಅದರ ಹೊರ ಅಂಚಿನಲ್ಲಿ, ಮೂರು ನಾಲ್ಕು ಮೀಟರ್ ನೀರಿನಲ್ಲಿ, ಐದರಿಂದ ಹತ್ತು ಗ್ರಾಂ ತೂಕದ ಜಿಗ್ ಸಾಕು. ತಳ ಮುಟ್ಟಲಿ, ಕೋಲಿನ ತುದಿ ಮೆಲ್ಲಗೆ ಎತ್ತಿ, ಮತ್ತೆ ಬೀಳಲು ಬಿಡಿ. ಕಚ್ಚುವುದು ಹೆಚ್ಚಾಗಿ ಬೀಳುವಾಗಲೇ. ಕೈಗೆ ಟಕ್ ಅಂತ ಒಂದು ಸಣ್ಣ ತಟ್ಟು ಸಿಗುತ್ತದೆ, ಇಲ್ಲವೇ ದಾರ ಸುಮ್ಮನೆ ಪಕ್ಕಕ್ಕೆ ಸರಿಯುತ್ತದೆ. ಇದಕ್ಕೆ ಹಿಗ್ಗದ ಹೆಣೆದ ದಾರವೇ ಬೇಕು. ನೈಲಾನ್ ದಾರ ಹಿಗ್ಗಿ ಅರ್ಧ ಸುದ್ದಿಯನ್ನು ದಾರಿಯಲ್ಲೇ ನುಂಗಿಬಿಡುತ್ತದೆ. ತಣ್ಣನೆ ಗಾಳಿ ಬೀಸಿ ಹೋದ ಮರುದಿನ ಆಕಾಶ ತಿಳಿಯಾಗಿ ನೀರು ಕದಲದೆ ನಿಂತಿರುತ್ತದಲ್ಲ, ಅಂಥ ದಿನ ಮೀನು ಸ್ಪಿನ್ನರ್ ಹಿಂದೆ ಓಡುವುದಿಲ್ಲ. ಮೂತಿಯ ಮುಂದೆ ಇಳಿದ ಜಿಗ್ಗನ್ನು ಮಾತ್ರ ಬಿಡುವುದಿಲ್ಲ. ಜಿಗ್ ಪರ ನನ್ನ ಓಟಿಗೆ ಇದೇ ಕಾರಣ.

ಎರೆಹುಳುವಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೀನು ಖಂಡಿತ ಸಿಗುತ್ತದೆ, ಆದರೆ ಬೆರಳುದ್ದದ್ದೇ ಜಾಸ್ತಿ. ಬೆಂಡು ಮುಳುಗಿದ್ದು ನೋಡಿ ತಡವಾಗಿ ಎಳೆದರೆ ಪರ್ಚ್ ಗಾಳವನ್ನು ಗಂಟಲವರೆಗೆ ನುಂಗಿರುತ್ತದೆ. ನೀರಿಗೆ ವಾಪಸ್ ಬಿಡುವವರಿಗೆ ಇದು ದೊಡ್ಡ ತಲೆನೋವು, ಅಲ್ವಾ? ಒಂದು ಸಂದರ್ಭದಲ್ಲಿ ಮಾತ್ರ ಹುಳುವೇ ಮೇಲು: ಕೆರೆ ಮಗುಚಿ ನೀರು ಕದಡಿದಾಗ. ಕಣ್ಣಿಗೆ ಏನೂ ಕಾಣದ ನೀರಿನಲ್ಲಿ ವಾಸನೆಯೇ ದಾರಿ ತೋರಿಸಬೇಕು.

ಹೊತ್ತಿನ ವಿಷಯದಲ್ಲಿ ಬೇಸಿಗೆಯ ಅಭ್ಯಾಸ ಬಿಡಿ. ರಾತ್ರಿ ಚಳಿ ಬಿದ್ದಿದ್ದರೆ ನಸುಕಿನಲ್ಲಿ ಎದ್ದು ಓಡಬೇಕಾಗಿಲ್ಲ. ದಡದ ನೀರು ಬಿಸಿಲು ಕುಡಿದ ಮೇಲೆ, ಮಧ್ಯಾಹ್ನದ ಆಚೆಗೆ, ಮೂರೂ ಬಗೆಯ ಗಾಳಕ್ಕೆ ಕಚ್ಚು ಜಾಸ್ತಿ.

ಇನ್ನೊಂದು ಮಾತು, ಪೈಕ್ ಇರುವ ಕೆರೆಯಲ್ಲಿ ಸ್ಪಿನ್ನರ್ ಆಗಲಿ ಜಿಗ್ ಆಗಲಿ, ಮುಂದೆ ಒಂದು ಗೇಣು ತಂತಿ ಕಟ್ಟಿಕೊಳ್ಳಿ. ಇದರಿಂದ ಪರ್ಚ್ ಒಂದೆರಡು ಕಡಿಮೆ ಬರಬಹುದು. ತಂತಿ ಇಲ್ಲದಿದ್ದರೆ ಪೈಕ್ ಹಲ್ಲಿಗೆ ದಾರ ಕತ್ತರಿಸಿ, ಬಾಯಲ್ಲಿ ಗಾಳ ಇಟ್ಟುಕೊಂಡೇ ಮೀನು ಹೋಗುತ್ತದೆ.