ಎರಡೆರಡು ರೂಪಾಯಿ ಚಿನ್ನ: ಸುಮಾರು ಎರಡು ವರ್ಷ ಬಳಸಿದ ಮೇಲೆ

ಮುಂಬೈ ಹತ್ತಿರದ ಡೊಂಬಿವಲಿ ಸ್ಟೇಷನ್ ಹೊರಗೆ ವಡಾಪಾವ್ 18 ರೂಪಾಯಿ. ಸ್ಕ್ಯಾನ್ ಮಾಡಿ ಜೇಬಿಗೆ ಹಾಕುವಷ್ಟರಲ್ಲಿ ಫೋನು ‘ಠಣ್’ ಅನ್ನುತ್ತದೆ. 18ನ್ನು 20 ಮಾಡಿ, ಮೇಲಿನ 2 ರೂಪಾಯಿಗೆ ಚಿನ್ನ ಕೊಂಡೆ ಅಂತ ಅರ್ಥ. 2024ರ ಜನವರಿಯಿಂದ ನನ್ನ ಫೋನಿನಲ್ಲಿ ಹೀಗೆ ಚಿಲ್ಲರೆಗೆ ಡಿಜಿಟಲ್ ಚಿನ್ನ ಕೊಳ್ಳುವ ಈ ಆ್ಯಪ್ ಇದೆ. ಹೆಸರು ಬೇಡ, ಇಂಥವು ಬೇಕಾದಷ್ಟಿವೆ. ಇನ್‌ಸ್ಟಾಲ್ ಮಾಡುವುದು ಹೇಗೆ ಅಂತಲೂ ಹೇಳುವುದಿಲ್ಲ.

ಆ ಸದ್ದು ನನಗೆ ತುಂಬಾ ಇಷ್ಟ. ಸಂಜೆ ಮುಂಬೈನ ಸಿಎಸ್‌ಎಂಟಿ ಸ್ಟೇಷನ್‌ನಿಂದ ಲೋಕಲ್ ರೈಲಿನಲ್ಲಿ ಹೊರಟರೆ ಥಾಣೆ ದಾಟುವವರೆಗೆ ಕೈ ಅಲ್ಲಾಡಿಸಲೂ ಜಾಗ ಇರುವುದಿಲ್ಲ. ಆಮೇಲೆ ಒಂದು ಮೂಲೆ ಸಿಕ್ಕರೆ ಆ್ಯಪ್ ತೆಗೆಯುತ್ತೇನೆ. ಬೆಳಿಗ್ಗೆ 412.3 ಮಿಲಿಗ್ರಾಂ ಇದ್ದದ್ದು 413.6 ಆಗಿರುತ್ತದೆ. ಒಂದು ಚಹಾ, ಒಂದು ರಿಕ್ಷಾ, ಒಂದು ಕಟ್ಟು ಕೊತ್ತಂಬರಿಯ ಚಿನ್ನ! ನಮ್ಮ ಡಬ್ಬಿಯಲ್ಲಿ ಮೊದಲು ಇಸ್ಪೀಟು ಆಡುತ್ತಿದ್ದವರು ಈಗ ಷೇರು ಏರುತ್ತಾ ಇಳಿಯುತ್ತಾ ಅಂತ ಬಾಜಿ ಕಟ್ಟುವ ಆಪ್ಷನ್ ಟ್ರೇಡಿಂಗ್ ಮಾತಾಡುತ್ತಾರೆ. ಆ ಆಟದಲ್ಲಿ 100ಕ್ಕೆ 93 ಜನ ಕಳೆದುಕೊಂಡಿದ್ದಾರೆ ಅಂತ 2024ರಲ್ಲಿ ಷೇರುಪೇಟೆ ನಿಯಂತ್ರಿಸುವ ಸೆಬಿಯೇ ಹೇಳಿತು. ನಾನು ಪುಕ್ಕಲ. ನನಗೆ ಮಿಲಿಗ್ರಾಂ ಸಾಕು.

ಮೊದಲ ಪೆಟ್ಟು 2024ರ ಜುಲೈ 23ಕ್ಕೆ ಬಿತ್ತು. ಬಜೆಟ್‌ನಲ್ಲಿ ಚಿನ್ನದ ಆಮದು ಸುಂಕ ಶೇ. 15ರಿಂದ 6ಕ್ಕೆ ಇಳಿಸಿದರು, ನನ್ನ ಮೊತ್ತ ಜರ್ರನೆ ಇಳಿಯಿತು. ಕುಂದಾಪುರದಿಂದ ಅಮ್ಮನ ಫೋನು: ‘ಚಿನ್ನ ಅಗ್ಗ ಆಯ್ತಂತೆ!’ ಅವರ ಖುಷಿಗೆ ನಾನು ಹೂಂ ಅಂದೆ, ಅಷ್ಟೇ.

ಆದರೆ ಅದು ಆ್ಯಪ್‌ನ ತಪ್ಪಲ್ಲ. ತಪ್ಪು ಗೊತ್ತಾಗಿದ್ದು 2025ರ ಧನ್‌ತೇರಸ್‌ಗೆ. ಒಂದು ಗ್ರಾಂ ತುಂಬಿತ್ತು. ಮಗಳಿಗೆ ನಾಣ್ಯ ತರಿಸೋಣ ಅಂತ ಒತ್ತಿದರೆ ತಯಾರಿ, ಪ್ಯಾಕಿಂಗ್, ಡೆಲಿವರಿ ಅಂತ ಬೇರೆ ದುಡ್ಡು ಕೇಳಿತು. ಸರಿ, ಮಾರಿಬಿಡೋಣ ಅಂತ ನೋಡಿದೆ. ಪರದೆ ಮೇಲೆ ಎರಡು ದರ. ಕೊಳ್ಳುವ ದರ ಯಾವಾಗಲೂ ದಪ್ಪಕ್ಷರದಲ್ಲಿ ಕಾಣುತ್ತದೆ, ಮಾರುವ ದರ ಬಟನ್ ಒತ್ತಿದ ಮೇಲೇ. ಅದು ಶೇ. 4ರಷ್ಟು ಕಡಿಮೆ. ಕೊಳ್ಳುವಾಗ ಶೇ. 3 ಜಿಎಸ್‌ಟಿ ಮೊದಲೇ ಹೋಗಿರುತ್ತದೆ. ಅಲ್ಲೇ ಕೂತು ಲೆಕ್ಕ ಹಾಕಿದೆ: ಇವತ್ತು 1000 ರೂಪಾಯಿ ಹಾಕಿ ಇದೇ ದರಕ್ಕೆ ಮಾರಿದರೆ ಕೈಗೆ ಬರುವುದು ಸುಮಾರು 932. ಪ್ರತಿ ‘ಠಣ್’ಗೂ ಇದೇ ಕಥೆ! ಸುಮ್ನೆ ಇಷ್ಟು ದಿನ ಖುಷಿಪಟ್ಟೆ.

ನಷ್ಟ ಆಗಿದೆಯಾ? ಇಲ್ಲ. ಈ ಎರಡು ವರ್ಷ ಚಿನ್ನವೇ ಓಡಿದೆ. ಅದು ಚಿನ್ನದ ಪುಣ್ಯ, ಆ್ಯಪ್‌ನದಲ್ಲ. ಮರುತಿಂಗಳು ನವೆಂಬರ್‌ನಲ್ಲಿ, ಇಂಥ ಡಿಜಿಟಲ್ ಚಿನ್ನ ತನ್ನ ನಿಯಂತ್ರಣಕ್ಕೆ ಬರುವುದಿಲ್ಲ, ಹುಷಾರು ಅಂತ ಸೆಬಿ ಹೇಳಿತು. ಅಂದರೆ ನಾಳೆ ಕಂಪನಿ ಮುಳುಗಿದರೆ ನಾನು ಸೆಬಿ ಬಾಗಿಲು ತಟ್ಟುವ ಹಾಗಿಲ್ಲ.

ಹೆಂಡತಿ ನಕ್ಕಳು. ಅವಳದು ಬಿಲ್ಡಿಂಗ್ ಹೆಂಗಸರ ಭಿಶಿ, ನಮ್ಮೂರಿನ ಚೀಟಿಯ ಹಾಗೆ. 12 ಜನ, ತಿಂಗಳಿಗೆ 2000, ಚೀಟಿ ಎತ್ತಿದವರಿಗೆ 24 ಸಾವಿರ. ಬಡ್ಡಿ ಇಲ್ಲ, ಕಡಿತವೂ ಇಲ್ಲ, ಮೇಲೆ ಸಾಬುದಾನಾ ಖಿಚಡಿ. ಅದಕ್ಕೂ ಯಾರ ನಿಯಂತ್ರಣವೂ ಇಲ್ಲ ಅಂದೆ. ‘ಮೂರನೇ ಮಹಡಿ ಕಾಕು (ಚಿಕ್ಕಮ್ಮ) ಇದ್ದಾರಲ್ಲ’ ಅಂದಳು.

ಐದಕ್ಕೆ ಎರಡು ಸ್ಟಾರ್. ಕೈಯಲ್ಲಿ ದುಡ್ಡು ನಿಲ್ಲದ ಹೊಸ ಸಂಬಳದ ಹುಡುಗರಿಗೆ ಒಂದು ಆರು ತಿಂಗಳು ಅಭ್ಯಾಸಕ್ಕೆ ಪರವಾಗಿಲ್ಲ. ಜಾಸ್ತಿ ಹಾಕಬೇಡಿ. ನಾನು ಈ 18ನ್ನು 20 ಮಾಡುವ ರೌಂಡಪ್ ನಿಲ್ಲಿಸಿದ್ದೇನೆ. ಷೇರು ಇಡುವ ಡಿಮ್ಯಾಟ್ ಖಾತೆ ಹೇಗೂ ಇತ್ತು, ಈಗ ತಿಂಗಳಿಗೆ 500 ರೂಪಾಯಿ ಗೋಲ್ಡ್ ಇಟಿಎಫ್‌ಗೆ, ಅಂದರೆ ಷೇರುಪೇಟೆಯಲ್ಲಿ ಸಿಗುವ ಚಿನ್ನದ ಫಂಡ್‌ಗೆ, ಹೋಗುತ್ತದೆ. ಅಲ್ಲಿ ಕೊಳ್ಳುವಾಗ ಶೇ. 3 ಜಿಎಸ್‌ಟಿ ಇಲ್ಲ, ಸೆಬಿಯ ಕಣ್ಣೂ ಇದೆ.

ಆದರೆ ಥಾಣೆ ದಾಟಿದ ಮೇಲೆ ನೋಡುವುದಕ್ಕೆ ಏನೂ ಇಲ್ಲ. ಇಟಿಎಫ್ ಠಣ್ ಅನ್ನಲ್ಲ ಅಲ್ವಾ.